ಎರಡು ಹೊಂಗೆ, ಒಂದು ಚುಕ್ಕೆ

ಗವಿಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ನಾನು ನಿಂತಿದ್ದ ಹೊಂಗೆಮರದ ನೆರಳಲ್ಲೇ ಮಂಗಳಮ್ಮ ಎಂಬವರು ಹೂ ಮಾರುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಹೊಂಗೆ, ಪೂರ್ತಿ ಒಣಗಿದ್ದು. ಅದನ್ನು ಕಡಿಸಬೇಕೆಂದು ಅರಣ್ಯ ವಿಭಾಗದ ನೌಕರರೊಬ್ಬರು ಬಂದು, ಮರವಿರುವ ಜಾಗವನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಗುರುತು ಮಾಡುತ್ತಿದ್ದರು.

ಒಂದು ಸಲ ಒತ್ತಿದರೆ ಮುಗಿಯಿತು ಅಂದುಕೊಂಡಿದ್ದೆ. ಅವರು ಮೊಬೈಲ್ ಹಿಡಿದ ಕೈ ಮೇಲೆತ್ತಿ ನಿಂತು ಹತ್ತು ನಿಮಿಷವಾದರೂ ಮ್ಯಾಪಿನಲ್ಲಿ ಜಾಗ ತೋರಿಸುವ ನೀಲಿ ಚುಕ್ಕೆ ಒಮ್ಮೆ ರಸ್ತೆಗೆ ಇಳಿಯುತ್ತಿತ್ತು, ಒಮ್ಮೆ ನಮ್ಮ ನೆರಳಿನ ಮರದಡಿಗೇ ಬರುತ್ತಿತ್ತು.

“ಮೇಲೆ ಎಲೆ ಜಾಸ್ತಿ ಇದ್ರೆ ಹಿಂಗೇ ಸಾರ್. ನಾಲ್ಕೈದು ಮೀಟರ್ ಆಚೀಚೆ ಆಗುತ್ತೆ.”

ಹೂ ಕಟ್ಟುತ್ತಿದ್ದ ಮಂಗಳಮ್ಮನ ಕೈ ನಿಂತಿತು. ಎರಡು ಮರಗಳ ನಡುವೆ ಅಷ್ಟು ಅಂತರವೂ ಇರಲಿಲ್ಲ.

“ಕಡಿಯೋಕೆ ನೀವೇ ಬರ್ತೀರಾ?”

“ಇಲ್ಲಮ್ಮ, ಕಂಟ್ರಾಕ್ಟರ್ ಕಡೆಯೋರು. ಲೊಕೇಶನ್ ನೋಡ್ಕೊಂಡು ಬರ್ತಾರೆ.”

“ಯಾವತ್ತು?”

“ಅದು ಹೇಳಕ್ಕಾಗಲ್ಲ.”

ನಾನು ತಲೆಯೆತ್ತಿ ಎಲೆಗಳನ್ನು ನೋಡಿದೆ. ಮಂಗಳಮ್ಮ ಎದ್ದು, ಆಗಷ್ಟೇ ಕಟ್ಟಿದ್ದ ಸೇವಂತಿಗೆ ಹಾರವನ್ನು ಹಸಿರು ಮರಕ್ಕೆ ಸುತ್ತಿ, ಕಾಂಡಕ್ಕೆ ಅರಿಶಿನ ಕುಂಕುಮ ಹಚ್ಚಿದರು.

“ಪೂಜೆ ಆಗಿರೋ ಮರಕ್ಕೆ ಯಾರೂ ಕೊಡಲಿ ಹಾಕಲ್ಲ” ಅಂದರು. ಆಮೇಲೆ ಹಾರವನ್ನು ಒಮ್ಮೆ ಮುಟ್ಟಿ ನೋಡಿ, ನೌಕರರತ್ತ ತಿರುಗಿ, “ಇದು ಬಾಡೋದ್ರೊಳಗೆ ಬರಕ್ಕೆ ಹೇಳಿ ಸಾರ್ ಅವ್ರಿಗೆ” ಎಂದರು.