ಅವ್ವನ ಮೆದುಳು, ಅಂಗಡಿಯ ಬೀಗ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ಎಂಆರ್‌ಐ ಯಂತ್ರದಿಂದ ಮೆದುಳಿನೊಳಗಿನ ರಾಸಾಯನಿಕಗಳನ್ನು ಅಳೆಯುವ ಕೆಲಸ. ಹೋಲಿಕೆಗೆ ಆರೋಗ್ಯವಂತ ಹಿರಿಯರು ಬೇಕಾಗಿದ್ದರು. ದಾಂಡೇಲಿಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದ ಅವ್ವ ನನ್ನ ಅಣ್ಣನ ಜೊತೆ ಬಂದು, ಯಂತ್ರದೊಳಗೆ ಅಲುಗಾಡದೆ ಮಲಗಿ ಎದ್ದಳು.

ನರಕೋಶಗಳು ಚೆನ್ನಾಗಿವೆಯೆಂದು ತೋರಿಸುವ ರಾಸಾಯನಿಕ ಅವಳಲ್ಲಿ ಕಡಿಮೆ ಬಂತು. "ಮರೆವಿನ ಕಾಯಿಲೆ ಶುರುವಾಗಿರಬಹುದು" ಎಂದು ನನ್ನ ಕೆಲಸ ನೋಡಿಕೊಳ್ಳುತ್ತಿದ್ದ ಡಾಕ್ಟರು ಅಣ್ಣನಿಗೇ ಹೇಳಿಬಿಟ್ಟರು. ಊರಿಗೆ ಹೋದವನೇ ಅವನು ಅಂಗಡಿಗೆ ಬೀಗ ಹಾಕಿದ.

ನನಗೆ ಮೈಯೆಲ್ಲ ಉರಿಯಿತು. ನಾವು ಅಳೆಯುತ್ತಿದ್ದದ್ದು ಮೆದುಳಿನಲ್ಲಿ ಗುರುತು ಮಾಡಿಕೊಂಡ ಪೆಟ್ಟಿಗೆಯಾಕಾರದ ಒಂದು ಸಣ್ಣ ಭಾಗವನ್ನು. ವಯಸ್ಸಾದಂತೆ ಮೆದುಳು ಕುಗ್ಗಿ, ಅದರ ಸುತ್ತಲಿನ ನೀರಿನಂಥ ದ್ರವವೂ ಆ ಭಾಗದೊಳಗೆ ಸೇರಿಕೊಳ್ಳುತ್ತದೆ. ಆ ನೀರಿನಲ್ಲಿ ಈ ರಾಸಾಯನಿಕ ಇಲ್ಲವೆನ್ನುವಷ್ಟು ಕಡಿಮೆ. ನೀರಿನ ಪಾಲನ್ನು ಕಳೆಯದೆ ಲೆಕ್ಕ ಹಾಕಿದರೆ ಮೆದುಳೇ ಸೊರಗಿದಂತೆ ಕಾಣುತ್ತದೆ.

"ನೀರು ಕಳೆದಿದ್ದೀರಾ ಸರ್?"

"ಎಲ್ಲರಿಗೂ ಒಂದೇ ಪದ್ಧತಿ. ನಿಮ್ಮ ತಾಯಿ ಅಂತ ಬೇರೆ ಮಾಡೋಕಾಗಲ್ಲ."

"ಹಾಗಾದ್ರೆ ಎಲ್ಲರದ್ದೂ ಮತ್ತೆ ಮಾಡ್ತೇನೆ."

ಬೇಡವೆಂದರು. ನಾನು ಮಾಡಿದೆ. ಬೂದು ಭಾಗ, ಬಿಳಿ ಭಾಗ, ನೀರು ಎಂದು ಒಬ್ಬೊಬ್ಬರ ಚಿತ್ರವನ್ನೂ ಕಂಪ್ಯೂಟರಿನಲ್ಲಿ ವಿಂಗಡಿಸಿದೆ. ಅದು ತಪ್ಪು ಗೆರೆ ಎಳೆದಲ್ಲಿ ಕೈಯಿಂದ ತಿದ್ದಿದೆ. ಹಿರಿಯರೆಲ್ಲರ ಲೆಕ್ಕವೂ ಮೇಲೇರಿತು, ನೀರು ಹೆಚ್ಚು ಸೇರಿದ್ದ ಅವ್ವನದು ಇನ್ನಷ್ಟು. ಅವ್ವ ತನ್ನ ವಯಸ್ಸಿನವರ ನಡುವೆಯೇ ಇದ್ದಳು. ಅವಳಿಗೆ ಮುಂದೆಂದೂ ಕಾಯಿಲೆ ಬರುವುದಿಲ್ಲ ಎಂದು ಇದರರ್ಥವಲ್ಲ. ಬಂದಿದೆ ಎನ್ನಲು ನಮ್ಮಲ್ಲಿ ಆಧಾರವಿರಲಿಲ್ಲ, ಅಷ್ಟೇ. ಹಳೆಯ ಲೆಕ್ಕದಿಂದಲೇ ಬರೆಯುತ್ತಿದ್ದ ಪ್ರಬಂಧದಲ್ಲಿ ನನ್ನ ಹೆಸರು ಬೇಡವೆಂದೆ. ಡಾಕ್ಟರು ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಕೊನೆಗೆ ಹಳೆಯ ಲೆಕ್ಕವನ್ನೂ ಬಿಟ್ಟರು.

ಸುದ್ದಿ ಹೇಳಲು ದಾಂಡೇಲಿಗೆ ಹೋದರೆ ಅಂಗಡಿ ತೆರೆದಿತ್ತು. ಅವ್ವ ಹತ್ತಿರದ ಕುಳಗಿಯ ಫಾರೆಸ್ಟ್ ಗಾರ್ಡ್ ಒಬ್ಬನ ಅಂಗಿಗೆ ಅಳತೆ ಹಿಡಿಯುತ್ತಿದ್ದಳು. ಅಣ್ಣನ ಕಣ್ಣೆದುರೇ ಬೀಗ ಒಡೆಸಿದ್ದಳಂತೆ.

"ಅವ್ವಾ, ಡಾಕ್ಟರ ಲೆಕ್ಕ ತಪ್ಪಿತ್ತು" ಅಂದೆ.

"ನಿಮ್ಮ ಲೆಕ್ಕ ಸರಿಯಾಗೂ ತನಕ ನಾ ಮನ್ಯಾಗ ಕುಂದರಬೇಕಿತ್ತೇನು? ನಾಳೆ ಖರೇನ ಮರೆವು ಬಂದರೂ ನನ್ನ ಅಂಗಡಿ ಯಾವಾಗ ಮುಚ್ಚಬೇಕು ಅನ್ನೂದು ನಾನ ಹೇಳ್ತೇನಿ."

ಮೂಲೆಯಲ್ಲಿ ಅಣ್ಣ ಮುಖ ಊದಿಸಿಕೊಂಡು ಗುಂಡಿ ಹಚ್ಚುತ್ತಿದ್ದ.

"ನೀನರ ಅವ್ವಗ ತಿಳಿಸಿ ಹೇಳು" ಎಂದ.

ನಾನು ಚೀಲ ಕೆಳಗಿಟ್ಟು, ಅವ್ವ ಹೇಳುತ್ತಿದ್ದ ತೋಳಿನ ಅಳತೆ ಬರೆದುಕೊಳ್ಳತೊಡಗಿದೆ.