ಅರ ಕಚ್ಚಿದ ಗೆರೆ

ಬಣ್ಣ ಸುಲಿದಿರಲಿ, ಹೆಸರಿನ ಬಿಲ್ಲೆ ಕಿತ್ತು ಬಿದ್ದಿರಲಿ, ಒಂದು ಹಳೇ ಸೈಕಲ್ ಫ್ರೇಮನ್ನು ಅರದಕ್ಕನ ಮೇಜಿನ ಮೇಲೆ ಇಟ್ಟರೆ ಸಾಕು, ಅದನ್ನು ಬೆಸೆದ ಕೈ ಯಾರದೆಂದು ಆಕೆ ಹೇಳಿಬಿಡುತ್ತಿದ್ದಳು. ಕೈಯಿಂದಲೇ ಫ್ರೇಮು ಕಟ್ಟುವ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಅರ ಹಿಡಿದು ಲೋಹ ಉಜ್ಜಿದವಳು. ಅಡ್ಡಹೆಸರು ಅಲ್ಲಿಂದಲೇ ಅಂಟಿತು. ಹೆತ್ತವರು ಇಟ್ಟ ಹೆಸರು ಪಿಂಚಣಿ ಕಾಗದದಲ್ಲಷ್ಟೇ ಉಳಿದಿತ್ತು. ಕಾರ್ಖಾನೆ ಮುಚ್ಚಿ ಹದಿನಾರು ವರ್ಷವಾಗಿದೆ. ಅಲ್ಲಿ ತಯಾರಾದ ಫ್ರೇಮುಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಇದ್ದಾಗ ಯಾರಿಗೂ ಬೇಡವಾಗಿದ್ದದ್ದು ಸತ್ತ ಮೇಲೆ ಚಿನ್ನವಾಗುವುದು ಲೋಕದ ಹಳೇ ಚಾಳಿ.

ಆಕೆಯ ವಿದ್ಯೆಯಲ್ಲಿ ಮಾಯಮಂತ್ರವೇನೂ ಇರಲಿಲ್ಲ. ಕಾರ್ಖಾನೆಯಲ್ಲಿ ಐದು ಜನ ಬೆಸುಗೆಯವರಿದ್ದರು. ಉಕ್ಕಿನ ಎರಡು ಕೊಳವೆ ಕೂಡುವ ಮೂಲೆಗೆ ಅಂಗಿಯ ತೋಳಿನಂಥ ಒಂದು ಕವಚ ತೊಡಿಸಿ, ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಸಂದಿಗೆ ಹಿತ್ತಾಳೆ ಕರಗಿಸಿ ಹರಿಸುವುದು ಅವರ ಕೆಲಸ. ಆಮೇಲೆ ಕವಚದ ಅಂಚನ್ನು ಅರದಿಂದ ತೆಳ್ಳಗೆ, ನುಣ್ಣಗೆ ಉಜ್ಜುವುದು ಇವಳ ಕೆಲಸ. ಐವರ ಫ್ರೇಮೂ ಇವಳೊಬ್ಬಳ ಕೈ ದಾಟಿಯೇ ಬಣ್ಣಕ್ಕೆ ಹೋಗಬೇಕು. ಒಬ್ಬ ಉರಿ ಹಿಂದೆ ತೆಗೆಯುವಾಗ ಸಾಸಿವೆ ಕಾಳಿನಷ್ಟು ಹಿತ್ತಾಳೆ ಬಿಟ್ಟೇ ಬಿಡುತ್ತಿದ್ದ. ಇನ್ನೊಬ್ಬ ಬಿಸಿಗಾಳಿ ಹೋಗಲು ಕೊರೆಯುವ ತೂತನ್ನು ಯಾವಾಗಲೂ ಒಂದು ಕೂದಲೆಳೆ ಓರೆಗೆ ಕೊರೆಯುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇವರ ಗುಣ ಸುಟ್ಟಾಗಲೇ ಎದ್ದು ಕಾಣುತ್ತಿತ್ತು.

ಐವರಲ್ಲಿ ಒಬ್ಬ ಅರದಕ್ಕನ ಸ್ವಂತ ತಮ್ಮ. ಒಂಬತ್ತು ವರ್ಷಕ್ಕೆ ಚಿಕ್ಕವನು, ಎಡಚ. ಬೇರೆಯವರು ಬಲದಿಂದ ಹಿತ್ತಾಳೆ ಓಡಿಸಿದರೆ ಇವನು ಎಡದಿಂದ. ಕನ್ನಡಿ ಹಿಡಿದು ಕೊಳವೆಯೊಳಗೆ ನೋಡಿದರೆ ಹಿತ್ತಾಳೆಯ ಅಂಚು ಎಡಕ್ಕೆ ತಿರುಗಿ ನಿಂತಿರುತ್ತಿತ್ತು. ಅಷ್ಟು ಸಮ, ಅಷ್ಟು ಚೊಕ್ಕ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಇವಳು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡಾಗ ಇವಳಿಗೆ ಗಂಜಿ ಕಾಯಿಸಿ ಕುಡಿಸಿದವನು ಅವನು. ಅವನನ್ನು ಕಾರ್ಖಾನೆಗೆ ಸೇರಿಸಿದ್ದೂ ಇವಳೇ, ಅಲ್ಲಿಂದ ಓಡಿಸಿದ್ದೂ ಇವಳೇ.

ಅದು ಆದದ್ದು ಹೀಗೆ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಫ್ರೇಮು ಮುರಿದು ವಾಪಸು ಬಂತು. ಹತ್ತೊಂಬತ್ತು ವರ್ಷದ ಪಂದ್ಯದ ಸವಾರನೊಬ್ಬ ಇಳಿಜಾರಿನಲ್ಲಿ ಬರುವಾಗ ಮುಂದಿನ ಕೊಳವೆ ಮೂಲೆಯಲ್ಲೇ ತುಂಡಾಗಿ, ಬಿದ್ದು, ಬಲಭುಜ ಪುಡಿಯಾಗಿತ್ತು. ಹುಡುಗನ ಅಪ್ಪ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದ. ಕಾರ್ಖಾನೆಯ ಮೇಸ್ತ್ರಿ ಫ್ರೇಮನ್ನು ಅರದಕ್ಕನ ಮುಂದೆ ಇಟ್ಟು, "ಯಾರ ಕೈಯಿದು?" ಅಂದರು. ಐವರೂ ಸಾಲಾಗಿ ನಿಂತಿದ್ದರು.

ಅವಳು ಕನ್ನಡಿ ಹಿಡಿದಳು. ಹಿತ್ತಾಳೆ ಎಡಕ್ಕೆ ತಿರುಗಿತ್ತು. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದಾರೆ, ತಮ್ಮನೆಂದು ಮುಚ್ಚಿಹಾಕುತ್ತಾಳೋ ಏನೋ ಎಂದು ಕಾಯುತ್ತಿದ್ದಾರೆ ಅನ್ನಿಸಿತು. ಆ ಒಂದು ಅನ್ನಿಸಿಕೆಯೇ ಅವಳನ್ನು ಕೆಡಿಸಿತು. ಮುರಿದ ಜಾಗದಲ್ಲಿ ಬಣ್ಣ, ಮಣ್ಣು, ಮಸಿ. ಒರೆಸಿ ನೋಡಲೂ ಇಲ್ಲ. "ತಮ್ಮಂದು. ಉರಿ ಜಾಸ್ತಿ ಕೊಟ್ಟಿದಾನೆ, ಉಕ್ಕು ಸುಟ್ಟಿದೆ," ಅಂದಳು, ಎಲ್ಲರಿಗೂ ಕೇಳುವ ಹಾಗೆ.

"ಅಕ್ಕ, ಸರಿಯಾಗಿ ನೋಡು," ಅಂದ ತಮ್ಮ.

"ನೋಡಿದೀನಿ," ಅಂದಳು.

ಮೇಸ್ತ್ರಿ ಅವಳ ಬೆನ್ನು ತಟ್ಟಿ, "ಸ್ವಂತ ತಮ್ಮ ಅಂತ ಮುಲಾಜು ನೋಡ್ಲಿಲ್ಲ, ನೋಡ್ರಪ್ಪ," ಎಂದರು. ಹೇಳಿದರೆ ನಾಚಿಕೆ, ಆದರೂ ಹೇಳಬೇಕು: ಆ ಗಳಿಗೆಯಲ್ಲಿ ಅವಳಿಗೆ ಹೆಮ್ಮೆಯಾಯಿತು. ಮುರಿದ ಫ್ರೇಮನ್ನು ಹುಡುಗನ ಅಪ್ಪ ವಾಪಸು ಹೊತ್ತುಕೊಂಡು ಹೋದ. ಸಂಜೆ ಮನೆಗೆ ಹೋದರೆ ತಮ್ಮನ ಅಂಗಿ ಗೂಟದಲ್ಲಿರಲಿಲ್ಲ. ಅವನೂ ಇರಲಿಲ್ಲ.

ಅವತ್ತಿನಿಂದ ಹುಡುಕಾಟ. ಪೊಲೀಸರಿಗೆ ಹೇಳಿದಳು, ನೆಂಟರಿಷ್ಟರಿಗೆ ಬರೆದಳು, ಆಸ್ಪತ್ರೆಗಳ ಮೆಟ್ಟಿಲು ಹತ್ತಿದಳು. ಎಲ್ಲೂ ಸುಳಿವಿಲ್ಲ. ಕೊನೆಗೆ ತನ್ನ ವಿದ್ಯೆಯನ್ನೇ ನೆಚ್ಚಿದಳು. ಬೆಸುಗೆ ಬಿಟ್ಟರೆ ಬೇರೆ ಕೆಲಸ ಅವನಿಗೆ ಗೊತ್ತಿಲ್ಲ. ಬದುಕಿದ್ದರೆ ಎಲ್ಲಾದರೂ ಫ್ರೇಮು ಕಟ್ಟುತ್ತಿರುತ್ತಾನೆ. ಒಂದಲ್ಲ ಒಂದು ದಿನ ಆ ಫ್ರೇಮು ತನ್ನ ಮೇಜಿಗೆ ಬರುತ್ತದೆ. ಹಾಗಾಗಿ ವ್ಯಾಪಾರಿಗಳು ತಂದದ್ದನ್ನೆಲ್ಲ ಪುಕ್ಕಟೆ ನೋಡಿಕೊಡುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದು ಯಾವ ಊರಿಂದ ಬಂತು?" ತಮ್ಮನ ಕೈಯ ಫ್ರೇಮುಗಳು ಬಂದವು, ಹದಿನೇಳು. ಎಲ್ಲವೂ ಅವನು ಹೋಗುವುದಕ್ಕಿಂತ ಮೊದಲಿನವು. ಹೋದ ಮೇಲಿನದು ಒಂದೂ ಬರಲಿಲ್ಲ. ವರ್ಷ ಕಳೆದಂತೆ ಅವಳಿಗೆ ಒಂದೇ ಅರ್ಥ ಹೊಳೆಯತೊಡಗಿತು, ಮತ್ತು ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಅರವತ್ತಾರು ತುಂಬಿದ ವರ್ಷ, ಒಂದು ಬೆಳಿಗ್ಗೆ, ಹಳೇ ಸೈಕಲ್ಲಿನ ವ್ಯಾಪಾರಿಯೊಬ್ಬ ಮೆಟ್ಟಿಲು ಹತ್ತಿ ಬಂದ. ಮಹಾ ಮಾತುಗಾರ, ಅವನ ಬಾಯಿಗೆ ಬೀಗ ಮಾಡಿದವರಿಲ್ಲ. ಗೋಣಿಚೀಲ ಬಿಚ್ಚುತ್ತಾ, "ಅಕ್ಕ, ಇದು ಮುರಿದ ಮಾಲು. ಆದ್ರೆ ನಿಮ್ಮ ಮೇಸ್ತ್ರಿ ಕಾರ್ಖಾನೇದು ಅಂತ ನೀವೊಂದು ಮಾತು ಅಂದ್ರೆ ಬೆಸುಗೆ ಹಾಕ್ಸಿ ಗೋಡೆಗೆ ನೇತುಹಾಕೋ ಗಿರಾಕಿ ರೆಡಿ ಇದಾನೆ," ಎಂದ. ಬಣ್ಣವನ್ನು ಅವನೇ ಮದ್ದು ಹಾಕಿ ಪೂರ್ತಿ ತೆಗೆಸಿದ್ದ. ಮುರಿದ ಬಾಯಿಗೆ ಮಾತ್ರ ಯಾರೋ ಹಿಂದೆಯೇ ಗ್ರೀಸು ಮೆತ್ತಿ, ನೀಲಿ ಬಟ್ಟೆ ಸುತ್ತಿ, ದಾರ ಬಿಗಿದಿದ್ದರು.

ಅವಳು ಫ್ರೇಮನ್ನು ಬೋರಲು ಹಾಕಿ ತಳದಲ್ಲಿ ಒತ್ತಿದ್ದ ಸಂಖ್ಯೆ ನೋಡಿದಳು. ನಾನೂರ ಹನ್ನೊಂದು. ಅವತ್ತು ಮುರಿದು ವಾಪಸು ಬಂದಿದ್ದ ಫ್ರೇಮು ಇದೇ. ಗಂಡ ಸತ್ತ ತಾರೀಕು ಮರೆತಾಳು, ಆ ಸಂಖ್ಯೆ ಮರೆಯಲಾರಳು. ಕಿಟಕಿಯ ಹತ್ತಿರ ಒಯ್ದು, ಬಟ್ಟೆ ಬಿಚ್ಚಿ, ಗ್ರೀಸು ಒರೆಸಿದಳು. ಉರಿ ಮಿತಿಮೀರಿದ ಉಕ್ಕು ಮುರಿದರೆ ಮುರಿದ ಮೈ ಸಕ್ಕರೆ ಹರಳಿನ ಹಾಗೆ ತರಿತರಿಯಾಗಿರುತ್ತದೆ. ಇದು ಬೂದಿಯ ಹಾಗೆ ನುಣ್ಣಗಿತ್ತು. ಉಕ್ಕು ಸುಟ್ಟಿರಲೇ ಇಲ್ಲ. ಹಾಗಾದರೆ ಮುರಿದದ್ದೇಕೆ? ಬಿರುಕು ಎಲ್ಲಿಂದ ಶುರುವಾಯಿತೆಂದು ಉಗುರಿನಿಂದ ತಡವುತ್ತಾ ಹೋದಳು. ಕವಚದ ಅಂಚಿಗೆ ತಾಗಿಕೊಂಡು, ತೆಳು ಕೊಳವೆಯ ಮೇಲೆ ಅರ್ಧ ಬೆರಳಿನಷ್ಟು ಉದ್ದದ ಒಂದು ಗೆರೆ ಉಗುರಿಗೆ ಸಿಕ್ಕಿತು.

ಅದು ಅರದ ಮೂಲೆ ಕಚ್ಚಿದ ಗೆರೆ. ಅಂಚನ್ನು ಇನ್ನೂ ನುಣುಪು ಮಾಡುವ ಆಸೆಗೆ ಬಿದ್ದು ಅರವನ್ನು ಓರೆ ಮಾಡಿದರೆ ಅದು ಜಾರಿ ಕೊಳವೆಯನ್ನೇ ಕಚ್ಚುತ್ತದೆ. ಕಚ್ಚಿದ ಕಡೆ ಉಕ್ಕು ಕಾಗದವಾಗುತ್ತದೆ. ಬಣ್ಣದ ಕೆಳಗೆ ಯಾರಿಗೂ ಕಾಣುವುದಿಲ್ಲ. ಕಾರ್ಖಾನೆಯಲ್ಲಿ ಅರ ಹಿಡಿಯುತ್ತಿದ್ದವರು ಒಬ್ಬರೇ.

"ಏನಕ್ಕ, ಯಾರ ಕೈ?" ಅಂದ ವ್ಯಾಪಾರಿ.

"ನಂದು," ಅಂದಳು.

"ನೀವು ಬೆಸುಗೆ ಯಾವಾಗ ಹಾಕಿದ್ರಿ?" ಎಂದು ಅವನು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಅವನು ಕೇಳಿದಷ್ಟು ಕೊಟ್ಟು ಫ್ರೇಮನ್ನು ಅವಳೇ ಇಟ್ಟುಕೊಂಡಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾವೆಲ್ಲ ಬೇರೆಯವರ ಮೇಲೆ ಪ್ರಯೋಗಿಸುತ್ತೇವೆ. ಇಲ್ಲಿ ಬರೆ ಎಳೆದವಳೂ ಅವಳೇ, ಜ್ವರ ಬಂದದ್ದೂ ಅವಳಿಗೇ. ಅವತ್ತು ಬಟ್ಟೆಯಿಂದ ಒಂದು ಸಲ ಒರೆಸಿದ್ದರೆ ಸಾಕಿತ್ತು. ಎರಡು ದಿನ ಅವಳು ಒಲೆ ಹಚ್ಚಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಒಮ್ಮೆ ಚಚ್ಚಿಕೊಂಡಳು ಕೂಡ. ನೋವಾಯಿತೇ ಹೊರತು ಬೇರೇನೂ ಆಗಲಿಲ್ಲ. ತಮ್ಮ ಸತ್ತಿದ್ದರೆ ಈ ಸುಳ್ಳನ್ನು ನಿಜವೆಂದು ನಂಬಿಯೇ ಸತ್ತಿರುತ್ತಾನೆ. ಈ ಯೋಚನೆಯ ಜೊತೆ ಒಂದು ಕೋಣೆಯಲ್ಲಿ ಇರಲಾಗಲಿಲ್ಲ. ಸವಾರನಿಗಾದರೂ ಹೇಳಿ ಬರೋಣವೆಂದು ಮೂರನೇ ದಿನ ಹೊರಟಳು. ಫ್ರೇಮು ಬಂದದ್ದು ಅವನ ಮನೆಯಿಂದಲೇ ಎಂದು ವ್ಯಾಪಾರಿ ಹೇಳಿದ್ದ. ಪಕ್ಕದ ಊರಲ್ಲಿ ಅವನದು ಸಿಮೆಂಟಿನ ಅಂಗಡಿಯಂತೆ.

ಬಸ್ಸಿನಲ್ಲಿ ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. "ಅಜ್ಜಿ, ಇದಕ್ಕೂ ಟಿಕೆಟ್ ಬೇಕು. ಅಥವಾ ಹತ್ತಿ ತುಳ್ಕೊಂಡು ಬನ್ನಿ," ಅಂದ ಕಂಡಕ್ಟರು. ಬಸ್ಸೆಲ್ಲ ನಕ್ಕಿತು. ಅವಳು ಎರಡು ಟಿಕೆಟ್ ತೆಗೆದುಕೊಂಡಳು.

ಅಂಗಡಿಯ ಮುಂದೆ ಲಾರಿಯೊಂದು ನಿಂತಿತ್ತು. ತಲೆಯಿಂದ ಕಾಲಿನವರೆಗೆ ಸಿಮೆಂಟಿನ ಧೂಳು ಮೆತ್ತಿಕೊಂಡಿದ್ದ ಮುದುಕನೊಬ್ಬ ಬೆನ್ನ ಮೇಲೆ ಚೀಲ ಹೊತ್ತು ಒಳಗೆ ಹಾಕಿ ಬರುತ್ತಿದ್ದ. "ಅಂಗಡಿಯವರು ಇದಾರೇನಪ್ಪ?" ಎಂದು ಕೇಳಿದಳು. ಅವನು ಅವಳ ಕಂಕುಳಲ್ಲಿದ್ದ ಫ್ರೇಮನ್ನು, ಅದಕ್ಕೆ ಅವಳು ಮತ್ತೆ ಸುತ್ತಿದ್ದ ನೀಲಿ ಬಟ್ಟೆಯನ್ನು ನೋಡಿದ.

"ಆ ಬಟ್ಟೆ ನಾನು ಕಟ್ಟಿದ್ದು," ಅಂದ. ಆಮೇಲೆ, "ಅಕ್ಕ," ಅಂದ.

ಕೊಳವೆಯೊಳಗೆ ಕತ್ತಲಲ್ಲೂ ಅವನನ್ನು ಗುರುತಿಸುತ್ತಿದ್ದವಳು ಹಗಲು ಬೆಳಕಿನಲ್ಲಿ ಎದುರಿಗೆ ನಿಂತವನನ್ನು ಗುರುತಿಸಿರಲಿಲ್ಲ. ಚೀಲಗಳ ಮೇಲೆ ಕೂತಳು. ಅಳು ಬಂತು. ಅವನು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತ.

"ಇಲ್ಲಿ ಏನು ಮಾಡ್ತಿದೀಯೋ? ಎಲ್ಲೆಲ್ಲಿ ಹುಡುಕ್ದೆ ಗೊತ್ತಾ? ಒಂದು ಫ್ರೇಮಾದ್ರೂ ಕಟ್ಟಬಾರದಿತ್ತಾ? ಕಟ್ಟಿದ್ರೆ ನಂಗೆ ಗೊತ್ತಾಗ್ತಿತ್ತು!"

"ಹೇಗೆ ಕಟ್ಲಿ ಅಕ್ಕ? ಕೈಲಿ ಉರಿ ಹಿಡಿಯೋಕೆ ಧೈರ್ಯ ಬರ್ಲಿಲ್ಲ. ನೀನೇ ಹೇಳಿದ್ಯಲ್ಲ. ನೀನು ಯಾವತ್ತು ತಪ್ಪು ಹೇಳಿದ್ದೆ?" ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. "ಸೀದಾ ಈ ಮನೆಗೆ ಬಂದೆ. ನನ್ನ ಕೈಯಿಂದ ನಿಮ್ಮ ಮಗನ ತೋಳು ಹೋಯ್ತು, ಅವನು ಎತ್ತಬೇಕಾದ್ದನ್ನ ನಾನು ಎತ್ತೀನಿ ಅಂದೆ. ಎತ್ತುತಾ ಇದೀನಿ."

ಇಪ್ಪತ್ತೆರಡು ವರ್ಷ. ಒಂದೂವರೆ ಗಂಟೆಯ ಬಸ್ ದಾರಿ. ಅವಳು ಬಟ್ಟೆ ಬಿಚ್ಚಿ ಮುರಿದ ಬಾಯನ್ನು ಅವನ ಕಡೆ ತಿರುಗಿಸಿ, ಅವನ ಎಡಗೈ ಹೆಬ್ಬೆರಳನ್ನು ಹಿಡಿದು ಗೆರೆಯ ಮೇಲೆ ಇಟ್ಟಳು. ಸಿಮೆಂಟು ತಿಂದ ಹೆಬ್ಬೆರಳಿಗೆ ಗೆರೆ ತಿಳಿಯಲಿಲ್ಲ. ಕಣ್ಣಿನ ಹತ್ತಿರ ತಂದು ನೋಡಬೇಕಾಯಿತು. ನೋಡಿದ. ಬಹಳ ಹೊತ್ತು ನೋಡಿದ. ಹಳೇ ಬೆಸುಗೆಯವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಿನ್ನ ಬೆಸುಗೆ ಈಗಲೂ ಗಟ್ಟಿಯಾಗಿದೆ," ಅಂದಳು. "ಅರ ಕಚ್ಚಿದ ಕಡೆ ಮುರಿದಿದೆ. ಕಚ್ಚಿಸಿದ್ದು ನಾನು. ನಿನ್ನ ಕೈ ಐವರಲ್ಲೇ ಒಳ್ಳೇ ಕೈಯಾಗಿತ್ತು ಕಣೋ."

ಬಾಗಿಲಲ್ಲಿ ನಿಂತಿದ್ದ ಅಂಗಡಿಯವನು ಎಲ್ಲ ಕೇಳಿಸಿಕೊಂಡಿದ್ದ. ನಲವತ್ತು ದಾಟಿದವನು, ಬಲಗೈ ಪಕ್ಕೆಗೆ ಅಂಟಿಕೊಂಡೇ ಇತ್ತು. ಅವಳು ಎದ್ದು ಅವನಿಗೂ ಕೈಮುಗಿದಳು. ಅವನು ಅವಳನ್ನು ನೋಡಲಿಲ್ಲ, ಚೀಲದ ಮೇಲೆ ಕೂತವನನ್ನು ನೋಡಿದ. "ಮೊದಲ ಮೂರು ವರ್ಷ ದಿನಾ ಬೈದಿದೀನಿ ಇವನಿಗೆ," ಅಂದ. "ತಲೆ ತಗ್ಗಿಸ್ಕೊಂಡು ಕೇಳಿಸ್ಕೊಂಡ. ಈಗ ಬಂದು ಇವನಲ್ಲ ಅಂತೀರಲ್ಲಮ್ಮ." ಹಾಗೆಂದು ಒಳಗೆ ಹೋದ.

ಅವಳು ತಮ್ಮನ ಮುಂದೆ ನೆಲದ ಮೇಲೆ ಕೂತಳು. "ಮನೆಗೆ ಬಾರೋ. ಬರದಿದ್ರೂ ಪರವಾಗಿಲ್ಲ. ಬೈಯಿ. ನಾಲ್ಕು ಜನ ನೋಡೋ ಹಾಗೆ ನನ್ನ ಕೆನ್ನೆಗೆ ಬಾರಿಸು. ನಿನ್ನ ಆಯಸ್ಸು ತಿಂದವಳು ನಾನು."

ಅವನು ಫ್ರೇಮನ್ನು ನಿಧಾನವಾಗಿ ಕೆಳಗಿಟ್ಟ. "ಇಷ್ಟು ವರ್ಷ ನನ್ನ ಕೈ ಮೇಲೇ ಸಿಟ್ಟು ಮಾಡ್ಕೊಂಡು ಬದುಕಿದೆ ಅಕ್ಕ. ರಾತ್ರಿ ಈ ಕೈನ ದಿಂಬಿನ ಕೆಳಗೆ ಹಾಕ್ಕೊಂಡು ಮಲಗ್ತಿದ್ದೆ, ಕಣ್ಣಿಗೆ ಬೀಳಬಾರದು ಅಂತ. ಈಗ ಆ ಸಿಟ್ಟನ್ನ ನಿನ್ನ ಮೇಲೆ ತಿರುಗಿಸು ಅಂತೀಯ."

"ತಿರುಗಿಸು. ಅದಕ್ಕೇ ಕೇಳ್ತಿದೀನಿ."

ಅವನು ಅವಳ ಮುಖವನ್ನು ನೋಡಿದ. ನಿಜವಾಗಿಯೂ ಪ್ರಯತ್ನಪಟ್ಟ, ದವಡೆ ಬಿಗಿಯಾದದ್ದು ಅವಳಿಗೆ ಕಂಡಿತು. ಅವಳು ಕಣ್ಣು ಮುಚ್ಚಿ ಕಾದಳು, ಅವನು ಹೊಡೆಯಲಿ ದೇವರೇ ಎಂದು ಬೇಡಿಕೊಂಡಳು.

"ಬರ್ತಾ ಇಲ್ಲ ಅಕ್ಕ," ಅಂದ ಅವನು. "ಏನೂ ಬರ್ತಾ ಇಲ್ಲ."

ಲಾರಿಯವನು ಹಾರ್ನ್ ಹೊಡೆದ. ಇನ್ನೂ ಅರ್ಧ ಲೋಡು ಇಳಿಯಬೇಕಿತ್ತು. ತಮ್ಮ ಎದ್ದು, ಲಾರಿಯ ಹಿಂದೆ ಹೋಗಿ, ಬೆನ್ನು ಬಗ್ಗಿಸಿ ನಿಂತ.