ಅವ್ವ ಜೋಪಾನ ಮಾಡಿದ ಕಡಲ ಹುಳು

ಮೊನ್ನೆ ರಕ್ತ ಪರೀಕ್ಷೆಗೆಂದು ಹೋಗಿದ್ದೆ. ನರ್ಸ್ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳು ಒರೆಸಿದಳು ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. "ಅಯ್ಯ, ಇನ್ನಾ ಸೂಜೀನ ಚುಚ್ಚಿಲ್ಲಲ್ರಿ ಅಜ್ಜಿ!" ಎಂದು ಆಕೆ ಗಾಬರಿಯಾದಳು. ಒಂದು ಹುಳುವಿಗಾಗಿ ಅಳುತ್ತಿದ್ದೇನೆ ಎಂದರೆ ರಕ್ತದ ಜೊತೆಗೆ ನನ್ನ ತಲೆಯನ್ನೂ ಪರೀಕ್ಷೆ ಮಾಡಿಸಿ ಎನ್ನುತ್ತಿದ್ದಳೇನೋ. ನೀವು ಹಾಗೆ ಅನ್ನುವುದಿಲ್ಲ ಎಂಬ ಧೈರ್ಯದಿಂದ ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನ್ನ ಅಣ್ಣ ಗದಗಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ನಾನು ಶಿರಹಟ್ಟಿಯ ಶಾಲೆಯಲ್ಲಿ ಚಿತ್ರಕಲೆಯ ಟೀಚರು. ದಿನಾ ಕೆಂಪು ಬಸ್ಸಿನಲ್ಲಿ ಹೋಗಿ ಮೈತುಂಬ ಧೂಳು ಹೊತ್ತು ಬರುವವಳು. ಬೆಟಗೇರಿಯಲ್ಲಿ ಮಗ್ಗದ ಸಪ್ಪಳದ ಓಣಿಯೊಂದರಲ್ಲಿ ಅವ್ವ, ಅಣ್ಣ, ನಾನು. ನಮ್ಮಿಬ್ಬರಿಗೂ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಬೇಡಿ, ಅದು ಬೇರೆಯೇ ಪುರಾಣ.

ನಮ್ಮದು ಕುಡಿಯುವ ನೀರಿಗೆ ಕೊಡ ಪಾಳಿಗಿಟ್ಟು ಜಗಳಾಡುವ ಊರು. ಅಂಥಲ್ಲಿ ಕೂತು ಅಣ್ಣ ಹಿಡಿದದ್ದು ಸಮುದ್ರದ ಹುಳುಗಳ ಬೆನ್ನು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ! ಹುಡುಗರನ್ನು ಕಾರವಾರಕ್ಕೆ ಪ್ರವಾಸ ಕರೆದೊಯ್ದಾಗ, ನೀರು ಇಳಿದ ಹೊತ್ತಿನಲ್ಲಿ ಬಂಡೆಯ ಸಂದಿಯಿಂದ ಒಂದು ಹುಳು ತಂದಿದ್ದ. ಬೆರಳುದ್ದ, ಮೈಯ ಎರಡೂ ಕಡೆ ಸಾಲಾಗಿ ಪುಟ್ಟ ಕಾಲಿನಂಥವು, ಒಂದೊಂದರ ತುದಿಗೂ ಬಿರುಸಾದ ಕೂದಲಿನ ಕುಚ್ಚು. ಅಂಥ ಹುಳುಗಳಿಗೆ ಲೆಕ್ಕವಿಲ್ಲವಂತೆ. ಆದರೆ ಇದರ ಕೂದಲಿನ ತುದಿಯ ಕೊಕ್ಕೆ ಅದುವರೆಗೆ ಬರೆದಿಟ್ಟ ಯಾವ ಹುಳುವಿನದಕ್ಕೂ ಹೊಂದುತ್ತಿರಲಿಲ್ಲ. ಅಂದರೆ ಅದು ಹೊಸ ಜಾತಿ. ಅಂದರೆ ಅದಕ್ಕೆ ಹೆಸರಿಡುವ ಹಕ್ಕು ನಮ್ಮ ಅಣ್ಣನದು.

ಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಲ್ಲಿ ಮಾವಿನಕಾಯಿ, ತಂಬಿಗೆ ಬರೆಸಿಕೊಂಡು ಹಾಯಾಗಿದ್ದವಳು ನಾನು. ಈಗ ಭಾನುವಾರವೆಲ್ಲ ಸೂಕ್ಷ್ಮದರ್ಶಕದೊಳಗೆ ಒಂದು ಕಣ್ಣಿಟ್ಟು, ಕರಿ ಮಸಿಯಲ್ಲಿ ಹುಳದ ಕೂದಲು ಬರೆಯಬೇಕು. "ಕೊಕ್ಕಿ ಇಷ್ಟ ಡೊಂಕ ಇಲ್ಲ, ಮತ್ತೊಮ್ಮಿ ಬರಿ" ಎನ್ನುತ್ತಿದ್ದ. "ನಿನ್ನ ಹುಳಾ ನೀನ ಬರ್ಕೋ" ಎಂದು ಕುಂಚ ಒಗೆಯುತ್ತಿದ್ದೆ. ಮುಂದಿನ ಭಾನುವಾರ ಮತ್ತೆ ಕೂಡುತ್ತಿದ್ದೆ. ಓಣಿಯ ಹೆಂಗಸರಿಗಂತೂ ಚೇಷ್ಟೆಗೆ ಒಳ್ಳೆ ವಸ್ತು ಸಿಕ್ಕಿತ್ತು. "ಏನವ್ವಾ, ನಿಮ್ಮಣ್ಣನ ಹುಳಾನ ತೊಟ್ಲಾಗ ಯಾವಾಗ ಹಾಕ್ತೀರಿ? ನಾವೂ ಬಂದು ಜೋಗುಳ ಹಾಡ್ತೀವಿ" ಎಂದು ನಳದ ಹತ್ತಿರ ನಗುತ್ತಿದ್ದರು. ಅವ್ವನೂ ಅವರೊಂದಿಗೆ ನಕ್ಕು, ಒಳಗೆ ಬಂದು ಅಣ್ಣನನ್ನು ಕೇಳುತ್ತಿದ್ದಳು, "ಖರೆ ಹೇಳಪಾ, ಏನ್ ಹೆಸರಿಡ್ತಿ?" ಅಣ್ಣ ಬಾಯಿ ಬಿಡುತ್ತಿರಲಿಲ್ಲ. ತೊಟ್ಟಿಲಿಗೆ ಹಾಕುವ ಮುಂಚೆ ಹೆಸರು ಹೇಳಬಾರದಲ್ಲ!

ಹುಳುವನ್ನು ಸ್ಪಿರಿಟ್ಟಿನ ಬಾಟಲಿಯಲ್ಲಿ ಮುಳುಗಿಸಿ ಮನೆಯಲ್ಲೇ ಇಟ್ಟಿದ್ದ. ಕಾಲೇಜಿನಲ್ಲಿ ಸ್ಪಿರಿಟ್ಟು ಇಟ್ಟರೆ ಅದು ಯಾರದೋ ಗಂಟಲಿಗೆ ಇಳಿಯುತ್ತದೆ ಎಂಬ ಹೆದರಿಕೆ. ಅಡುಗೆಮನೆಯ ಗೋಡೆಯ ಮಾಡ ಕತ್ತಲಾಗಿ ತಂಪಾಗಿರುತ್ತಿತ್ತು; ಅವ್ವನ ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ ಅದಕ್ಕೂ ಜಾಗ ಸಿಕ್ಕಿತು. ಅಣ್ಣ ಕಳಿಸಿದ ನನ್ನ ಚಿತ್ರಗಳನ್ನು ನೋಡಿದ ಮದ್ರಾಸಿನ ಹಿರಿಯ ವಿದ್ವಾಂಸರೊಬ್ಬರು, ಹೊಸದೇ ಇರಬೇಕು, ಹುಳುವನ್ನು ತೋರಿಸಿ ಎಂದು ತಿಳಿಸಿದರು. ಬರೀ ಚಿತ್ರದಿಂದ ನಡೆಯುವುದಿಲ್ಲ. ಹೆಸರಿಡಬೇಕಾದರೆ ಆ ಹುಳು ಬೇಕು. ಮುಂದೆ ಯಾರು ಸಂಶಯಪಟ್ಟರೂ ತೆಗೆದು ನೋಡುವಂತೆ ಅದನ್ನು ಸಂಗ್ರಹಾಲಯದಲ್ಲಿ ಇಡಬೇಕು. ಅಂಚೆಯನ್ನು ನಂಬದ ಅಣ್ಣ, ಬೇಸಿಗೆ ರಜೆಯಲ್ಲಿ ತಾನೇ ಒಯ್ಯುತ್ತೇನೆಂದು ತೀರ್ಮಾನಿಸಿದ. ಅಷ್ಟರಲ್ಲಿ ಪರೀಕ್ಷೆಯ ಪೇಪರು ತಿದ್ದಲು ಧಾರವಾಡಕ್ಕೆ ಹೋಗಬೇಕಾಗಿ ಬಂತು.

ಗದಗಿನ ಬೇಸಿಗೆ ನಿಮಗೆ ಗೊತ್ತಿದ್ದದ್ದೇ. ಬಾಟಲಿಯ ಬೂಚು ಸಡಿಲಾಗಿ ಸ್ಪಿರಿಟ್ಟು ಆರುತ್ತ ಬಂದು, ಹುಳುವಿನ ಬೆನ್ನು ಮೇಲೆ ಕಂಡಿತು. ಅವ್ವ ನೋಡಿದಳು. ಉಪ್ಪಿನಕಾಯಿಯಲ್ಲಿ ಹೋಳು ರಸದ ಮೇಲೆ ಕಂಡರೆ ಏನು ಮಾಡಬೇಕೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಪ್ಪುನೀರು ಕುದಿಸಿ, ಆರಿಸಿ, ಅರಿವೆಯಲ್ಲಿ ಸೋಸಿ, ಬಾಟಲಿ ತುಂಬ ಹಾಕಿದಳು.

ಅಣ್ಣ ಬಂದ ದಿನ ಅವ್ವನ ಮುಖದಲ್ಲಿ ಎಂಥ ಹೆಮ್ಮೆ! "ನೀ ಇರಲಿಲ್ಲ, ನಾನ ಜ್ವಾಕಿ ಮಾಡೇನಿ ನೋಡು. ಮ್ಯಾಲೆ ತೇಲಿದ್ರ ಬೂಸರ ಹತ್ತಿ ಹೋಗತಿತ್ತು. ಸಮುದ್ರದ್ದು ಅಲ್ಲೇನ್ ಅದು, ಉಪ್ಪುನೀರಂದ್ರ ಅದಕ್ಕ ತವರುಮನಿ ಇದ್ದಂಗ" ಎಂದಳು. ಅಣ್ಣ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಸ್ಪಿರಿಟ್ಟಿನ ಕಾವಲಿಲ್ಲದೆ ಹುಳು ಕೊಳೆತು ಮೆತ್ತಗಾಗಿ, ಗಂಟು ಗಂಟಾಗಿ ಬಿಚ್ಚಿಹೋಗಿತ್ತು. ನಾನು ಕಣ್ಣು ನೋಯಿಸಿಕೊಂಡು ಬರೆದ ಕೂದಲೆಲ್ಲ ಉದುರಿ ತಳಕ್ಕೆ ಕೂತಿದ್ದವು. ಅಣ್ಣ ಬಾಟಲಿಯನ್ನು ಇದ್ದಲ್ಲೇ ಇಟ್ಟ. "ಚೊಲೋ ಮಾಡಿದಿ ಬಿಡವ್ವಾ" ಎಂದ. ಆಮೇಲೆ ಹಿತ್ತಲಿಗೆ ಹೋಗಿ ಬಚ್ಚಲ ಕಟ್ಟೆಯ ಮೇಲೆ ಕೂತು, ಬಾಯಿಗೆ ಟವೆಲ್ಲು ಒತ್ತಿಕೊಂಡು ಅತ್ತ. ನನ್ನನ್ನು ಕಂಡು, "ಆಕಿಗೆ ಹೇಳಬ್ಯಾಡವಾ. ತಿಳದ್ರ ಆಕಿ ಬದುಕಾಂಗಿಲ್ಲ" ಎಂದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇದು ಹಾಗಾಯಿತು. ಆದರೂ ಅದೇ ಬಂಡೆಯಲ್ಲಿ ಇನ್ನೊಂದು ಸಿಕ್ಕೀತು ಎಂದು ಅಣ್ಣ ಕಾರವಾರಕ್ಕೆ ಹೋದ. ಅವ್ವನ ಮುಂದೆ ಮಾತ್ರ, ಮದ್ರಾಸಿನವರಿಗೆ ಜೋಡಿ ಹುಳು ಬೇಕಂತೆ ಎಂದಿದ್ದ. ಅಲ್ಲಿ ಕಡಲ ದಂಡೆಗೆ ಹೊಸ ಗೋಡೆ ಕಟ್ಟಲು ಕಲ್ಲುಮಣ್ಣು ಸುರಿದಿದ್ದರು. ಆ ಬಂಡೆ ಅದರ ಅಡಿಯಲ್ಲಿತ್ತು. ಮುಂದಿನ ರಜೆಗಳಲ್ಲೂ ಹೋದ, ಉದ್ದಕ್ಕೂ ಹುಡುಕಿದ. ಹೋಗುವಾಗ ಇದ್ದ ಮುಖ ಬರುವಾಗ ಇರುತ್ತಿರಲಿಲ್ಲ. ಕೊನೆಗೆ ಹೋಗುವುದನ್ನೇ ಬಿಟ್ಟ. ಹೆಸರಿಡುವ ಮೊದಲೇ ಹೋದ ಕೂಸಿಗೆ ನಮ್ಮಲ್ಲಿ ದಿನಕರ್ಮ ಮಾಡುವುದಿಲ್ಲ. ಅದರ ಮಾತನ್ನೂ ಯಾರೂ ಎತ್ತುವುದಿಲ್ಲ.

ಇತ್ತ ಅವ್ವ ಪ್ರತಿ ಅಮಾವಾಸ್ಯೆಗೆ ಭರಣಿಗಳನ್ನು ಒರೆಸುವಾಗ ಆ ಬಾಟಲಿಗೂ ಉಪ್ಪುನೀರು ಹಾಕುತ್ತಿದ್ದಳು. ಅಣ್ಣ ನೋಡಿಯೂ ನೋಡದವನಂತೆ ರೊಟ್ಟಿ ತಿನ್ನುತ್ತಿದ್ದ. ನನಗಂತೂ ಒಮ್ಮೊಮ್ಮೆ ಕಿರುಚಿಬಿಡಬೇಕು ಎನ್ನಿಸುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು.

ಎಂಬತ್ತರ ದಶಕದ ಕೊನೆಗೆ ಅವ್ವ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ, ಅಣ್ಣ ಕಾಲೇಜಿಗೆ ಹೋಗಿದ್ದಾಗ, ನನ್ನನ್ನು ಹತ್ತಿರ ಕರೆದಳು.

"ಆ ಬಾಟ್ಲಿಗೆ ನೀರ ಹಾಕೂದು ಮರೀಬ್ಯಾಡ."

"ಹಾಕ್ತೇನಿ ಬೇ."

"ಅದರಾಗೇನೂ ಉಳದಿಲ್ಲ, ನನಗ ಗೊತ್ತೈತಿ. ಕೂದಲೆಲ್ಲಾ ತಳಕ್ಕ ಕುಂತದ್ದು ನನಗ ಕಾಣಲಿಲ್ಲೇನು? ಕೆಟ್ಟ ಉಪ್ಪಿನಕಾಯಿ ವಾಸನೀಲೆ ಹೇಳಾಕಿ ನಾನು. ನಾನ ಕೆಡಿಸೇನಿ." ಉಸಿರು ಎಳೆದುಕೊಂಡಳು. "ಅಂವ ಪಾಪ ಸರಿಯಾಗಿ ನೋಡಿಲ್ಲ. ನೀರ ಹಾಕೂದು ಬಿಟ್ರ ಅನುಮಾನ ಬರತೈತಿ. ಅಂವಗ ಹೇಳಬ್ಯಾಡ ಮಗಳ. ತಡಕೊಳ್ಳಾಂಗಿಲ್ಲ ಅಂವಾ."

ನಾನು ಏನು ಹೇಳಬೇಕಿತ್ತು, ನೀವೇ ಹೇಳಿ. ಅಣ್ಣನಿಗೆ ಕೊಟ್ಟ ಮಾತು ಒಂದು ಕಡೆ, ಅವ್ವ ಕೇಳುತ್ತಿರುವ ಮಾತು ಇನ್ನೊಂದು ಕಡೆ. "ಹೂಂ" ಎಂದೆ. ಅಡುಗೆಮನೆಗೆ ಹೋಗಿ, ಒಲೆ ಊದುವ ನೆವ ಮಾಡಿ ಅತ್ತೆ. ಅದಾದ ಮೇಲೆ ಅವ್ವ ಬಹಳ ದಿನ ಉಳಿಯಲಿಲ್ಲ.

ದಿನಕರ್ಮ ಮುಗಿದ ಮೇಲೆ ಅಣ್ಣನಿಗೆ ಎಲ್ಲ ಹೇಳಿದೆ. "ಹಂಗಾರ ಇಷ್ಟು ವರ್ಷ ಆಕಿ ನನ್ನ ಸಲುವಾಗಿ ನೀರ ಹಾಕಿದ್ಲು. ನಾ ಆಕಿ ಸಲುವಾಗಿ ಸುಮ್ಮನ ಕುಂತೆ" ಎಂದ. ಏನು ಹೆಸರಿಡಬೇಕೆಂದಿದ್ದೆ ಎಂದು ಕೇಳಿದೆ. "ಇಲ್ಲದ್ದಕ್ಕ ಎಂಥಾ ಹೆಸರು, ಬಿಡು" ಎಂದು ಎದ್ದು ಹೋದ. ಅವನು ಸಾಯುವವರೆಗೂ ಆ ಹೆಸರು ಅವನ ಬಾಯಿಂದ ಬರಲಿಲ್ಲ.

ರಕ್ತ ತೆಗೆದ ಮೇಲೆ ಆ ಹುಡುಗಿ ನೀರು ತಂದುಕೊಟ್ಟು, "ಯಾರರ ನೆನಪಾದ್ರೇನ್ರಿ?" ಎಂದು ಮೆಲ್ಲಗೆ ಕೇಳಿದಳು. ನಾನು ಹುಳುವಿಗಾಗಿ ಅಳುತ್ತಿದ್ದೇನೆಂದೇ ಅಲ್ಲಿಯವರೆಗೆ ತಿಳಿದಿದ್ದೆ. ಬಾಯಿಂದ ಬಂದದ್ದು ಮಾತ್ರ "ನಮ್ಮವ್ವ, ನಮ್ಮಣ್ಣ" ಎಂದು. ಹುಳು ಹಾಳಾದದ್ದು ಆ ಮನೆಯಲ್ಲಿ ಮೂವರಿಗೂ ಗೊತ್ತಿತ್ತು. ಒಂದು ದಿನ ಪಡಸಾಲೆಯಲ್ಲಿ ಕೂತು ಮೂವರೂ ಕೂಡಿ ಅತ್ತುಬಿಟ್ಟಿದ್ದರೆ ಮುಗಿಯುತ್ತಿತ್ತು. ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಅತ್ತೆವು. ಈಗ ಕೂಡಿ ಅಳೋಣವೆಂದರೆ ಉಳಿದವಳು ನಾನೊಬ್ಬಳೇ.